ಊರಿಂದ ಅಪ್ಪ ಅಮ್ಮ ಬರ್ತಿದ್ದಾರೆ. ಇಂಗ್ಲೆಂಡಿನ ಲಾಂಗ್‌ಲೀಟ್ ಸಫಾರಿಗೆ, ಅಂದ್ರೆ ನಮ್ಮ ಕಾರಲ್ಲೇ ಪ್ರಾಣಿಗಳ ಮಧ್ಯೆ ಓಡಿಸ್ಕೊಂಡು ಹೋಗೋ ಪಾರ್ಕಿಗೆ, ಬಾಡಿಗೆ ಕಾರು ಒಯ್ದರೆ ಮಂಗಗಳು ವೈಪರ್ ಕಿತ್ತು ಹಾಕ್ತವಾ?

ವೈಪರ್ ವಿಷಯ ಆಮೇಲೆ ಹೇಳುತ್ತೇನೆ. ನಿಮ್ಮ ತಂದೆಗೆ ಸಕ್ಕರೆ ಕಾಯಿಲೆ ಇದೆಯಾ? ಬಿಪಿ ಮಾತ್ರೆ ತಗೋತಾರಾ?

ಅಪ್ಪ ಅಮ್ಮ, ಮೂರು ವರ್ಷದ ಮಗು, ಏಳು ಸೀಟಿನ ಬಾಡಿಗೆ ಕಾರು ಅಂತ ಬರೆದಿದ್ದೀರಿ. ಐದು ವರ್ಷದ ಹಿಂದೆ ನಮ್ಮದೂ ಇದೇ ಲೆಕ್ಕ. ಅಪ್ಪ ಅಮ್ಮ ದಾವಣಗೆರೆಯಿಂದ ಆರು ವಾರಕ್ಕೆ ಬಂದಿದ್ದರು. ಮೇ ತಿಂಗಳ ಬ್ಯಾಂಕ್ ಹಾಲಿಡೇ ಸೋಮವಾರ, ಅಂದರೆ ಇಲ್ಲಿನ ಸಾರ್ವಜನಿಕ ರಜೆ, ಅಮ್ಮ ನಸುಕಿಗೇ ಎದ್ದು ಚಪಾತಿ, ಪಲ್ಯ ಕಟ್ಟಿದ್ದಳು. ನಾವು ಹೋಗಿದ್ದು ಲಾಂಗ್‌ಲೀಟ್ ಅಲ್ಲ, ಇಂಗ್ಲೆಂಡಿನದೇ ಇನ್ನೊಂದು ಪಾರ್ಕು. ನಾನೂ ಹಿಂದಿನ ರಾತ್ರಿ ಕೂತು ಮಂಗ, ವೈಪರ್, ಡೆಪಾಸಿಟ್ ಅಂತ ಓದಿದ್ದೇ ಓದಿದ್ದು.

ತಪ್ಪು ಮಾಡಿದ್ದು ಗೇಟಿನಲ್ಲಿ. ಎಡಕ್ಕೆ ಹೋದರೆ ಪಾರ್ಕಿಂಗು, ಟಾಯ್ಲೆಟ್ಟು, ಊಟದ ಜಾಗ. ಬಲಕ್ಕೆ ಸಫಾರಿ. ಬಲಗಡೆ ಸಾಲಿನಲ್ಲಿ ಹತ್ತು ಹನ್ನೆರಡು ಕಾರು ಮಾತ್ರ ಇದ್ದವು. ಇದನ್ನು ಮೊದಲು ಮುಗಿಸಿಬಿಡೋಣ, ಆಮೇಲೆ ಆರಾಮಾಗಿ ಊಟ ಮಾಡೋಣ ಅಂತ ಬಲಕ್ಕೆ ತಿರುಗಿಸಿದೆ. ಮನೆ ಬಿಟ್ಟು ಆಗಲೇ ಎರಡು ಗಂಟೆ ಆಗಿತ್ತು. ದಾರಿಯಲ್ಲಿ ಪೆಟ್ರೋಲ್ ಹಾಕಿಸಿದಾಗ ಅಪ್ಪ ನಿದ್ದೆಯಲ್ಲಿದ್ದರು, ಪಾಪ ಮಲಗಲಿ ಅಂತ ಎಬ್ಬಿಸಲಿಲ್ಲ. ಬೆಳಿಗ್ಗೆ ತಗೊಂಡ ಬಿಪಿ ಮಾತ್ರೆ ಒಂದಕ್ಕೆ ಜಾಸ್ತಿ ಹೋಗೋ ಹಾಗೆ ಮಾಡುವಂಥದ್ದು. ನನಗೆ ಗೊತ್ತಿತ್ತು. ಆ ಮಾತ್ರೆ ಡಬ್ಬಿಗೆ ತುಂಬಿಸಿಕೊಡುತ್ತಿದ್ದವನೇ ನಾನು.

ತಲೆಯಲ್ಲಿ ಬನ್ನೇರುಘಟ್ಟದ ಲೆಕ್ಕ ಇತ್ತು. ಅಲ್ಲಿ ಪಾರ್ಕಿನವರದೇ ಬಸ್ಸು, ಡ್ರೈವರ್ ಎರಡು ನಿಮಿಷ ನಿಲ್ಲಿಸಿ ಮುಂದೆ ಹೋಗುತ್ತಾನೆ. ಇಲ್ಲಿ ಪ್ರತಿ ಕಾರಿಗೂ ಒಬ್ಬ ಡ್ರೈವರ್, ಹಿಂದೆ ಫೋಟೋ ತೆಗೆಯೋ ಮಕ್ಕಳು, ಮುಂದಿನವನು ನಿಂತರೆ ಹಿಂದಿನವರೆಲ್ಲ ನಿಲ್ಲಬೇಕು. ಸಿಂಹದ ಜಾಗದಲ್ಲಿ ಬಾಗಿಲು ಬಿಡಿ, ಕಿಟಕಿಯನ್ನೂ ಇಳಿಸೋ ಹಾಗಿಲ್ಲ. ಹಿಂದೆ ತಿರುಗಿಸೋಕೂ ಆಗಲ್ಲ. ಒಂದು ಗಂಟೆ ಅಂದುಕೊಂಡಿದ್ದು ಎರಡೂವರೆ ಗಂಟೆ ಆಯಿತು.

ಮಗಳು ಜಿರಾಫೆ ನೋಡಿ ಕುಣಿಯುತ್ತಿದ್ದಳು. ಕನ್ನಡಿಯಲ್ಲಿ ಅಪ್ಪ ಕಾಣುತ್ತಿದ್ದರು. ಕರ್ಚೀಫನ್ನು ಹಗ್ಗದ ಹಾಗೆ ಹೊಸೆಯುತ್ತಿದ್ದರು, ಬಿಡಿಸುತ್ತಿದ್ದರು, ಮತ್ತೆ ಹೊಸೆಯುತ್ತಿದ್ದರು. ಎರಡು ಸಿಂಹ ರಸ್ತೆ ಪಕ್ಕದಲ್ಲೇ ಮಲಗಿದ್ದವು, ಯಾವ ಕಾರೂ ಅಲ್ಲಾಡಲಿಲ್ಲ. ಅಮ್ಮ ಮೆಲ್ಲಗೆ, "ನಿಮ್ಮಪ್ಪಗೆ ಒಂದಕ್ಕೆ ಹೋಗಬೇಕಂತೆ ಕಣೋ" ಅಂದಳು. ಇನ್ನೇನು ಬಂತಮ್ಮ, ಐದು ನಿಮಿಷ ಅಂದೆ. ಹೀಗೆ ಮೂರು ಸಲ ಹೇಳಿದೆ. ನನ್ನ ಹೆಂಡತಿ ಖಾಲಿ ನೀರಿನ ಬಾಟಲಿ ಹಿಂದಕ್ಕೆ ಕೊಟ್ಟಳು. ಸೊಸೆ ಮೊಮ್ಮಗಳ ಮುಂದೆ ಅಪ್ಪ ಅದನ್ನು ಮುಟ್ಟಿಯೂ ನೋಡಲಿಲ್ಲ.

ನೂರಡಿ ದೂರದಲ್ಲಿ ಪಾರ್ಕಿನ ಜೀಪು ನಿಂತಿತ್ತು. ಹಾರ್ನ್ ಹೊಡೆಯಬಹುದಿತ್ತು. ಕಾರು ಕೆಟ್ಟರೆ ಮಾತ್ರ ಹಾರ್ನ್ ಹೊಡೆಯಬೇಕು ಅಂದುಕೊಂಡು ಸುಮ್ನೆ ಕೂತೆ. ಆಮೇಲೆ ಸಿಬ್ಬಂದಿಯನ್ನು ಕೇಳಿದಾಗ, ಹೊಡೆದಿದ್ದರೆ ಬರುತ್ತಿದ್ದೆವು ಅಂದರು.

ಹೊರಗೆ ಬಂದು ಟಾಯ್ಲೆಟ್ ಮುಂದೆಯೇ ನಿಲ್ಲಿಸಿದೆ. ಎಲ್ಲರೂ ಇಳಿದರು, ಅಪ್ಪ ಇಳಿಯಲಿಲ್ಲ. "ನೀವು ಹೋಗಿ ಬನ್ನಿ, ನಾನು ಇಲ್ಲೇ ಕೂತಿರ್ತೀನಿ" ಅಂದರು. ಮಡಿಲಲ್ಲಿ ಅಮ್ಮನ ಶಾಲು ಇತ್ತು. ಆಗ ನನಗೆ ಅರ್ಥವಾಯಿತು. ಮೂವತ್ತೈದು ವರ್ಷ ಮೇಷ್ಟ್ರಾಗಿದ್ದವರು, ಇಸ್ತ್ರಿ ಮಾಡದ ಅಂಗಿ ಹಾಕಿದವರಲ್ಲ. ನನ್ನ ಮುಖ ನೋಡದೆ ಅವರು ಕೇಳಿದ್ದು ಒಂದೇ ಮಾತು. "ಸೀಟು ಬಾಡಿಗೇದಲ್ವಾ, ದುಡ್ಡು ಹಿಡೀತಾರೇನೋ?"

ಉಳಿದ ಮೂರು ವಾರ ಅವರು ಕಾರು ಹತ್ತಿದ್ದು ಏರ್‌ಪೋರ್ಟಿಗೆ ಮಾತ್ರ.

ಅದಕ್ಕೇ ಹೇಳೋದು, ಬಾಡಿಗೆ ಕಾರೋ ಸ್ವಂತದ್ದೋ ಅನ್ನೋದು ಕೇಳಬೇಕಾದ ಪ್ರಶ್ನೆಯೇ ಅಲ್ಲ. ವೈಪರ್ ಹೋದರೆ ಹೊಸದು ಬರುತ್ತೆ. ಲಾಂಗ್‌ಲೀಟ್‌ನಲ್ಲಿ ಮಂಗಗಳನ್ನು ಬಿಟ್ಟು ಹೋಗೋಕೆ ಬೇರೆ ದಾರಿಯೇ ಇದೆ, ಇಂಗ್ಲೆಂಡಿನದೇ ನೋಸ್ಲಿ ಸಫಾರಿ ಪಾರ್ಕಿನಲ್ಲೂ ಬಬೂನ್ ಅನ್ನೋ ದೊಡ್ಡ ಮಂಗಗಳ ಹತ್ತಿರ ಹಾಗೇ ಇದೆ. ಆ ದಾರಿ ಹಿಡಿಯಿರಿ, ಮುಗಿಯಿತು. ಚಾಮುಂಡಿ ಬೆಟ್ಟ ಹತ್ತಿದವರಿಗೆ ಮಂಗ ಹೊಸದಲ್ಲ. ಅಪ್ಪ ಅಮ್ಮನಿಗೆ ತೋರಿಸಬೇಕಾದ್ದು ಸಿಂಹದ ಪಕ್ಕ ಸ್ವಂತ ಮಗ ಕಾರು ಓಡಿಸೋದನ್ನ. 1966ರಲ್ಲಿ ಲಾಂಗ್‌ಲೀಟ್ ಶುರುವಾದಾಗ ಆಫ್ರಿಕಾದ ಹೊರಗೆ ಇಂಥದ್ದು ಇರಲೇ ಇಲ್ಲ, ಇವತ್ತಿಗೂ ಅದು ದೊಡ್ಡ ಅನುಭವವೇ. ಹೋಗಬೇಡಿ ಅನ್ನುತ್ತಿಲ್ಲ.

ಆದರೆ ಶಾಲೆ ರಜೆ, ಬ್ಯಾಂಕ್ ಹಾಲಿಡೇ ಬೇಡವೇ ಬೇಡ. ವಾರದ ಮಧ್ಯೆ ಒಂದು ದಿನ ರಜೆ ಹಾಕಿ. ಗೇಟು ದಾಟಿದ ಮೇಲೆ ಸಾಲು ಎಷ್ಟೇ ಚಿಕ್ಕದಿದ್ದರೂ ಮೊದಲು ಕಾರು ನಿಲ್ಲಿಸಿ, ಎಲ್ಲರೂ ಇಳಿಯಿರಿ. ಅಪ್ಪನಿಗೆ ಒಂದು ಜೊತೆ ಬಟ್ಟೆ ಡಿಕ್ಕಿಯಲ್ಲಿರಲಿ, ಯಾಕೆ ಅಂತ ಅವರಿಗೆ ಹೇಳಬೇಡಿ. ಮತ್ತೆ, ಒಂದಕ್ಕೆ ಹೋಗಬೇಕಾ ಅಂತ ಅವರನ್ನು ಕೇಳಲೂ ಬೇಡಿ. ಕೇಳಿದರೆ ಬೇಡ ಅಂತಾರೆ. ನನಗೆ ಹೋಗಬೇಕು, ಬಾ ಅಪ್ಪ, ಜೊತೆಗೆ ಹೋಗಿ ಬರೋಣ ಅಂತ ಕೈ ಹಿಡಿದು ಕರಕೊಂಡು ಹೋಗಿ.