ಕಂಟ್ರೋಲ್ ಎಸ್ ಒತ್ತಿ ಟರ್ಮಿನಲ್ ನಿಂತರೆ ಕಂಟ್ರೋಲ್ ಕ್ಯೂ ಒತ್ತಿ

ವೈಟ್‌ಫೀಲ್ಡ್ ಆಫೀಸಿನ ಸರ್ವರ್‌ಗೆ ಮನೆಯಿಂದ ಲಾಗಿನ್ ಆಗಿ ವಿಮ್ ಅನ್ನೋ ಎಡಿಟರ್‌ನಲ್ಲಿ ಫೈಲ್ ತಿದ್ದುವಾಗ, ಸೇವ್ ಮಾಡೋಣ ಅಂತ ಕಂಟ್ರೋಲ್ ಎಸ್ ಒತ್ತಿದರೆ ಎಲ್ಲ ನಿಂತುಹೋಗುತ್ತೆ, ಪ್ರತಿ ಸಲ ಟರ್ಮಿನಲ್, ಅಂದರೆ ಕಮಾಂಡ್ ಟೈಪ್ ಮಾಡುವ ವಿಂಡೋ ಮುಚ್ಚಬೇಕಾಗುತ್ತೆ ಅಂತ ಬರೆದಿದ್ದೀರಿ. ದಯವಿಟ್ಟು ಮುಚ್ಚಬೇಡಿ. ಯಾವುದೂ ಹ್ಯಾಂಗ್ ಆಗಿಲ್ಲ, ನೆಟ್‌ವರ್ಕ್ ತಪ್ಪೂ ಅಲ್ಲ. ಕಂಟ್ರೋಲ್ ಕ್ಯೂ ಒತ್ತಿ, ನಿಂತಲ್ಲಿಂದಲೇ ಮುಂದುವರಿಯುತ್ತದೆ.

ಇದು ದೂರದಿಂದ ಬಂದ ಅಕ್ಷರಗಳನ್ನು ಕಾಗದದ ಮೇಲೆ ಅಚ್ಚು ಮಾಡುತ್ತಿದ್ದ ಟೆಲಿಟೈಪ್ ಯಂತ್ರಗಳ ಕಾಲದಿಂದ ಉಳಿದುಬಂದ ಏರ್ಪಾಡು. ಕಂಟ್ರೋಲ್ ಎಸ್ ಅಂದರೆ ಆಸ್ಕಿಯಲ್ಲಿ (ಅಕ್ಷರಗಳಿಗೆ ಸಂಖ್ಯೆ ಕೊಡುವ ಪಟ್ಟಿ) 19, 'ಕಳಿಸೋದು ನಿಲ್ಲಿಸು' ಅಂತ. ಕಂಟ್ರೋಲ್ ಕ್ಯೂ 17, 'ಮತ್ತೆ ಕಳಿಸು'. ಇದನ್ನು ನೋಡಿಕೊಳ್ಳೋದು ವಿಮ್ ಅಲ್ಲ, ನಿಮ್ಮ ಕಮಾಂಡ್‌ಗಳನ್ನು ಓದಿ ನಡೆಸುವ ಬ್ಯಾಶ್ ಕೂಡ ಅಲ್ಲ, ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನೆಲ್‌ನೊಳಗಿನ ಟರ್ಮಿನಲ್ ಡ್ರೈವರ್. ಆದರೆ ನಿಲ್ಲೋದು ಔಟ್‌ಪುಟ್ ಮಾತ್ರ, ಗಾಬರಿಯಲ್ಲಿ ನೀವು ಸುಮ್ನೆ ಒತ್ತುವ ಕೀಗಳೆಲ್ಲ ಒಳಗೆ ಹೋಗ್ತಾನೇ ಇರುತ್ತವೆ, ವಿಮ್‌ನ ನಾರ್ಮಲ್ ಮೋಡ್‌ನಲ್ಲಿ (ಕೀಗಳು ಅಕ್ಷರವಾಗದೆ ಕಮಾಂಡ್ ಆಗುವ ಸ್ಥಿತಿ) ಎರಡು ಸಲ ಡಿ ಒತ್ತಿದ್ದರೆ ಕಂಟ್ರೋಲ್ ಕ್ಯೂ ಒತ್ತಿದ ಮೇಲೆ ನೋಡುವಾಗ ಒಂದು ಸಾಲೇ ಮಾಯ. ಅದಕ್ಕೇ ನಿಂತಾಗ ಬೇರೆ ಕೀ ಮುಟ್ಟಬೇಡಿ.

ಈ ಕಾಟವೇ ಬೇಡ ಅಂದರೆ ನಿಮ್ಮ ಲ್ಯಾಪ್‌ಟಾಪ್‌ನಲ್ಲಲ್ಲ, ಸರ್ವರ್‌ನಲ್ಲಿರುವ ಬ್ಯಾಶ್‌ಆರ್‌ಸಿ ಫೈಲಿನ ಕೊನೆಗೆ 'ಎಸ್‌ಟಿಟಿವೈ -ಐಎಕ್ಸ್‌ಒಎನ್' ಅನ್ನೋ ಸಾಲು ಸೇರಿಸಿ, ಎಲ್ಲ ಇಂಗ್ಲಿಷ್ ಸಣ್ಣಕ್ಷರದಲ್ಲಿ. ಮತ್ತೆ ಲಾಗಿನ್ ಆಗಿ. ಇದರಿಂದ ಇನ್ನೊಂದು ಲಾಭವೂ ಇದೆ: ಕಂಟ್ರೋಲ್ ಆರ್ ಒತ್ತಿ ಹಳೇ ಕಮಾಂಡ್ ಹುಡುಕ್ತೀರಲ್ವಾ, ಜಾಸ್ತಿ ಹಿಂದೆ ಹೋಗಿಬಿಟ್ಟರೆ ಕಂಟ್ರೋಲ್ ಎಸ್ ನಿಮ್ಮನ್ನು ಮುಂದಕ್ಕೆ ತರುತ್ತೆ.

ಕಂಟ್ರೋಲ್ ಝಡ್ ಒತ್ತಿದರೆ ಪ್ರೋಗ್ರಾಮ್ ಮುಚ್ಚಿಹೋಗುತ್ತಾ ಅಂತಲೂ ಕೇಳಿದ್ದೀರಿ. ಅದು ಪ್ರೋಗ್ರಾಮ್ ಮುಚ್ಚುವುದಿಲ್ಲ, ಬದಿಗಿಡುತ್ತೆ ಅಷ್ಟೆ. 'ಎಫ್‌ಜಿ' ಅಂತ ಟೈಪ್ ಮಾಡಿ, ವಾಪಸ್ ಬರುತ್ತೆ.