ಮೂಲ ಕತೆ ಕೂಡಿಸದ ಜೋಡಿಗಳು

ಪ್ರಶ್ನೆ: ಫ್ಯಾನ್ ಫಿಕ್ಷನ್ (ಮೆಚ್ಚಿದ ಕತೆಯ ಪಾತ್ರಗಳನ್ನಿಟ್ಟು ಅಭಿಮಾನಿಗಳೇ ಬರೆಯುವ ಕತೆಗಳು) ಓದುವ ನಾವು ಗೆಳತಿಯರು, ಮೂಲ ಕತೆಯಲ್ಲಿ ಒಂದಾದ ನಾಯಕ-ನಾಯಕಿಯರನ್ನು ಬಿಟ್ಟು ಬೇರೆ ಜೋಡಿಗಳ ಪ್ರೇಮಕತೆಗಳನ್ನೇ ಹುಡುಕುತ್ತೇವೆ. ಯಾವ ಜೋಡಿ ಸರಿ ಎಂಬ ವಿಚಾರದಲ್ಲಿ ಮನಸ್ತಾಪವೂ ಆಗಿದೆ. ಈ ಅಭಿರುಚಿ ತಪ್ಪೇ?
– ಓರ್ವ ವಿದ್ಯಾರ್ಥಿನಿ, ಬದಿಯಡ್ಕ

ಉತ್ತರ: ಖಂಡಿತ ತಪ್ಪಲ್ಲ. ಮೂಲದಲ್ಲಿ ಕೂಡಿದ ಜೋಡಿಯ ಕತೆ ಬಹುಮಟ್ಟಿಗೆ ಅಲ್ಲಿಯೇ ಮುಗಿದಿರುತ್ತದೆ. ಆದರೆ ಒಂದೇ ದೃಶ್ಯದಲ್ಲಿ ಎದುರಾಗಿ, ಮಾತು ಅರ್ಧಕ್ಕೆ ನಿಂತುಹೋದ ಇಬ್ಬರ ನಡುವೆ ಏನಿತ್ತೆಂಬುದನ್ನು ಓದುಗರೇ ಊಹಿಸಬೇಕಾಗುತ್ತದೆ, ಆ ಊಹೆಯಿಂದಲೇ ಈ ಬರವಣಿಗೆ ಹುಟ್ಟುತ್ತದೆ. 1970ರ ದಶಕದಲ್ಲಿ ಅಮೆರಿಕದ ‘ಸ್ಟಾರ್ ಟ್ರೆಕ್’ ಧಾರಾವಾಹಿಯ ಅಭಿಮಾನಿಗಳು, ಅವರಲ್ಲೂ ಹೆಚ್ಚಾಗಿ ಮಹಿಳೆಯರು, ಕರ್ಕ್ ಮತ್ತು ಸ್ಪಾಕ್ ಎಂಬ ಗೆಳೆಯರನ್ನು ಪ್ರೇಮಿಗಳಾಗಿ ಕಲ್ಪಿಸಿ ಸ್ವಂತ ಕಿರುಪತ್ರಿಕೆಗಳಲ್ಲಿ ಬರೆದರು. ಜೋಡಿಯನ್ನು ಸೂಚಿಸಲು ಎರಡು ಹೆಸರುಗಳ ನಡುವೆ ಹಾಕುವ ಓರೆಗೆರೆ (/) ರೂಢಿಗೆ ಬಂದದ್ದು ಆಗ. ವೈಜ್ಞಾನಿಕ ಕಥಾಸಾಹಿತ್ಯಕ್ಕೆ ಸಂಬಂಧಿಸಿದ ಹ್ಯೂಗೋ ಪ್ರಶಸ್ತಿಯನ್ನು 2019ರಲ್ಲಿ ಪಡೆದ ‘ಆರ್ಕೈವ್ ಆಫ್ ಅವರ್ ಓನ್’ ಎಂಬ ಫ್ಯಾನ್ ಫಿಕ್ಷನ್ ಜಾಲತಾಣದಲ್ಲಿ ಇಂದಿಗೂ ಓರೆಗೆರೆ ಪ್ರಣಯವನ್ನು ಸೂಚಿಸುತ್ತದೆ. ಬರಿಯ ಸ್ನೇಹಕ್ಕೆ ಬೇರೆಯೇ ಚಿಹ್ನೆಯಿದೆ.

ವೇಷವಿಲ್ಲದೆ ಮಾತಿನಲ್ಲೇ ನಡೆಯುವ ಯಕ್ಷಗಾನವಾದ ತಾಳಮದ್ದಳೆಯನ್ನು ಕೇಳಿ ಬೆಳೆದ ಕಾಸರಗೋಡಿನವರಿಗೆ ಇದು ತೀರ ಅಪರಿಚಿತವೂ ಆಗಬೇಕಿಲ್ಲ. ಪ್ರಸಂಗದ ಪದ್ಯ ಒಂದೇ ಆದರೂ ಒಬ್ಬ ಅರ್ಥಧಾರಿಯ (ಪದ್ಯಕ್ಕೆ ಪಾತ್ರವಾಗಿ ಮಾತು ಕಟ್ಟುವ ಕಲಾವಿದನ) ಅಂಬೆ ಭೀಷ್ಮನ ಮುಂದೆ ಕೇವಲ ಕ್ರೋಧವನ್ನು ತೋರಬಹುದು, ಇನ್ನೊಬ್ಬರ ಅಂಬೆಯ ಮಾತಿನಲ್ಲಿ ಅನುರಾಗವೂ ಸುಳಿಯಬಹುದು. ರಸಿಕರು ಎರಡಕ್ಕೂ ಕಿವಿಗೊಡುತ್ತಾರೆ.

ಮನಸ್ತಾಪ ಹುಟ್ಟುವುದು, ತಮ್ಮ ಜೋಡಿಯನ್ನು ಎತ್ತಿಹಿಡಿಯಲು ಮೂರನೆಯ ಪಾತ್ರವನ್ನು, ಸಾಮಾನ್ಯವಾಗಿ ಒಬ್ಬ ಹೆಣ್ಣನ್ನು, ಹಳಿಯತೊಡಗಿದಾಗ. ಅದನ್ನು ದಯವಿಟ್ಟು ಮಾಡಬೇಡಿ. ಒಗ್ಗದ ಜೋಡಿಯನ್ನು ಹುಡುಕಾಟದಿಂದ ಹೊರಗಿಡುವ ಅನುಕೂಲ ‘ಆರ್ಕೈವ್’ ತಾಣದಲ್ಲಿಯೇ ಇದೆ. ಕತೆಯನ್ನು ತೆರೆಯುವ ಮೊದಲು ವಯೋಮಿತಿಯ ಸೂಚನೆಯನ್ನೂ ಗಮನಿಸಿ.