ಬ್ಯಾಟಿನ ವಿನ್ಯಾಸಕ್ಕೆ ಕಂಪ್ಯೂಟರ್ ಲೆಕ್ಕ ನಿಜವಾಗಿ ಬೇಕಾ?

ನಿಮ್ಮ ಪ್ರಶ್ನೆ ಅರ್ಥವಾಯಿತು. ನಾಲ್ಕು ಕ್ರಿಕೆಟ್ ಬ್ಯಾಟ್ ಮಾಡಿ ಹೊಡೆದು ನೋಡಿದರೆ ಸಾಲದಾ, ಫೈನೈಟ್ ಎಲಿಮೆಂಟ್ ಲೆಕ್ಕ (ವಸ್ತುವನ್ನು ಸಣ್ಣ ಸಣ್ಣ ತುಂಡುಗಳಾಗಿ ಭಾಗಿಸಿ ಕಂಪ್ಯೂಟರಿನಲ್ಲಿ ಮಾಡುವ ಲೆಕ್ಕ) ಯಾಕೆ, ಇದರಲ್ಲಿ ಪ್ರಾಜೆಕ್ಟ್ ಮಾಡಬಹುದಾ ಅಂತ ಕೇಳಿದ್ದೀರಿ. ನಾನು ಮೆಕ್ಯಾನಿಕಲ್ ವಿಭಾಗದಲ್ಲಿ ಪಾಠ ಮಾಡುತ್ತೇನೆ, ಸಂಶೋಧನೆ ಆಟದ ಸಲಕರಣೆಗಳ ಮೇಲೆಯೇ. ಹೊಡೆದು ನೋಡುವುದು ಬೇಕೇ ಬೇಕು. ಆದರೆ ಅದರಿಂದ ಚೆಂಡು ಎಷ್ಟು ವೇಗವಾಗಿ ಹೋಯಿತು ಅಂತ ಗೊತ್ತಾಗುತ್ತದೆ, ಯಾಕೆ ಅಂತ ಗೊತ್ತಾಗುವುದಿಲ್ಲ.

ಚೆಂಡು ಬ್ಯಾಟಿಗೆ ತಾಗಿರುವುದು ಸುಮಾರು 1 ಮಿಲಿಸೆಕೆಂಡ್ ಮಾತ್ರ. ಅಷ್ಟರಲ್ಲೇ ಚೆಂಡು ಚಪ್ಪಟೆಯಾಗಿ ಮತ್ತೆ ಉಬ್ಬುತ್ತದೆ, ಬ್ಯಾಟೂ ಬಾಗುತ್ತದೆ. ಆ ಬಾಗಿನ ಅಲೆ ಹ್ಯಾಂಡಲ್ ತುದಿಗೆ ಹೋಗಿ ವಾಪಸ್ ಬರುವಷ್ಟರಲ್ಲಿ ಚೆಂಡು ಹೊರಟಾಗಿರುತ್ತದೆ. ಹಾಗಾಗಿ ಆ ಕ್ಷಣದಲ್ಲಿ ಕೈ ಎಷ್ಟು ಬಿಗಿಯಾಗಿದೆ ಅನ್ನುವುದು ಚೆಂಡಿನ ವೇಗಕ್ಕೆ ಹೆಚ್ಚುಕಡಿಮೆ ಲೆಕ್ಕಕ್ಕೇ ಬರುವುದಿಲ್ಲ. ಬಹಳ ಜನ ಕಂಪ್ಯೂಟರ್ ಮಾಡೆಲ್‌ನಲ್ಲಿ ಹ್ಯಾಂಡಲನ್ನು ಅಲುಗದಂತೆ ಗಟ್ಟಿಯಾಗಿ ಕ್ಲಾಂಪ್ ಮಾಡಿಬಿಡುತ್ತಾರೆ. ಆಗ ಬರುವ ಫ್ರೀಕ್ವೆನ್ಸಿಗಳೇ (ಬ್ಯಾಟ್ ಸೆಕೆಂಡಿಗೆ ಎಷ್ಟು ಸಲ ನಡುಗುತ್ತದೆ ಅನ್ನುವ ಅಂಕಿಗಳೇ) ಬೇರೆ. ಕೈಯಲ್ಲಿ ಹಿಡಿದ ಬ್ಯಾಟ್ ನಡುಗುವ ರೀತಿ, ದಾರದಲ್ಲಿ ನೇತುಹಾಕಿದ ಬ್ಯಾಟಿಗೇ ಹೆಚ್ಚು ಹತ್ತಿರ.

ಆ ನಡುಕದಲ್ಲಿ ಕೆಲವು ಬಿಂದುಗಳು ಅಲುಗುವುದೇ ಇಲ್ಲ, ಅವು ನೋಡ್‌ಗಳು. ಮೊದಲ ಬಾಗುವಿಕೆಯ ಒಂದು ನೋಡ್ ಬ್ಲೇಡಿನಲ್ಲೇ, ತುದಿಯಿಂದ ಸ್ವಲ್ಪ ಮೇಲೆ ಇರುತ್ತದೆ. ಅಲ್ಲಿ ಹೊಡೆದರೆ ಆ ನಡುಕಕ್ಕೆ ಶಕ್ತಿ ಪೋಲಾಗುವುದಿಲ್ಲ, ಕೈಯೂ ಜುಮ್ಮೆನ್ನುವುದಿಲ್ಲ. ಸ್ವೀಟ್ ಸ್ಪಾಟ್, ಅಂದರೆ ಹೊಡೆತ ಚೆನ್ನಾಗಿ ಕೂರುವ ಜಾಗ, ಆ ಸುತ್ತಮುತ್ತಲೇ ಸಿಗುತ್ತದೆ. ಮರವನ್ನು ಎಲ್ಲಿ ತೆಗೆದು ಎಲ್ಲಿ ಉಳಿಸಿದರೆ ಆ ಜಾಗ ಅಗಲವಾಗುತ್ತದೆ? ಇದಕ್ಕೇ ಕಂಪ್ಯೂಟರ್ ಬೇಕಾಗುವುದು. 2017ರಿಂದ ಬ್ಯಾಟಿನ ಅಂಚು 40 ಮಿಲಿಮೀಟರ್, ದಪ್ಪ 67 ಮಿಲಿಮೀಟರ್ ದಾಟುವಂತಿಲ್ಲ. ಮರ ತುಂಬಿಸುತ್ತಾ ಹೋಗುವ ದಾರಿ ಮುಚ್ಚಿದ ಮೇಲೆ, ಇರುವ ಮರವನ್ನು ಹಂಚುವ ಲೆಕ್ಕಕ್ಕೆ ಬೆಲೆ ಜಾಸ್ತಿ.

ನನ್ನ ಪ್ರಕಾರ ನಿಜವಾಗಿ ಕಷ್ಟವಾದದ್ದು ಮೆಶ್ (ಬ್ಯಾಟನ್ನು ಸಣ್ಣ ತುಂಡುಗಳಾಗಿ ಭಾಗಿಸುವ ಜಾಲ) ಅಲ್ಲ, ವಸ್ತುವಿನ ಗುಣ. ಉಕ್ಕಿನ ಅಂಕಿಗಳು ಕೈಪಿಡಿಯಲ್ಲಿ ಸಿಗುತ್ತವೆ. ಬ್ಯಾಟಿನ ವಿಲ್ಲೋ ಮರ ನಾರಿನ ದಿಕ್ಕಿನಲ್ಲಿ ಗಟ್ಟಿ, ಅಡ್ಡಕ್ಕೆ ಮೆದು, ತಯಾರಿಸುವಾಗ ಒತ್ತಿ ಗಟ್ಟಿ ಮಾಡಿದ ಮುಖದಲ್ಲಿ ಇನ್ನೊಂದು ಥರ. ಚೆಂಡು ಅದಕ್ಕಿಂತ ತಲೆನೋವು. ಒಳಗೆ ಕಾರ್ಕ್, ಸುತ್ತ ನೂಲು, ಮೇಲೆ ಚರ್ಮ. ನಿಧಾನಕ್ಕೆ ಒತ್ತಿದಾಗ ಒಂದು ರೀತಿ, ವೇಗವಾಗಿ ಬಡಿದಾಗ ಇನ್ನೊಂದು ರೀತಿ. ಶಕ್ತಿಯ ದೊಡ್ಡ ಪಾಲು ಕಳೆದುಹೋಗುವುದೂ ಚೆಂಡಿನೊಳಗೇ. ಗಾಲ್ಫಿನಲ್ಲಿ ದೂರ ಹೊಡೆಯಲು ಬಳಸುವ ಕೋಲಾದ ಡ್ರೈವರಿನ ಮುಖವನ್ನು ತೆಳ್ಳಗೆ ಮಾಡುವುದು ಇದಕ್ಕೇ: ಮುಖ ಬಾಗಿದರೆ ಚೆಂಡು ಕಡಿಮೆ ಚಪ್ಪಟೆಯಾಗುತ್ತದೆ, ನಷ್ಟವೂ ಕಡಿಮೆ.

ಪ್ರಾಜೆಕ್ಟ್ ಖಂಡಿತ ಮಾಡಿ. ಚೆಂಡನ್ನು ಸದ್ಯಕ್ಕೆ ಬಿಡಿ. ಬರೀ ಬ್ಯಾಟಿನ ಮೋಡಲ್ ಅನಾಲಿಸಿಸ್ (ಅದು ಯಾವ ಫ್ರೀಕ್ವೆನ್ಸಿಯಲ್ಲಿ ಹೇಗೆ ನಡುಗುತ್ತದೆ ಅನ್ನುವ ಲೆಕ್ಕ) ಮಾಡಿ, ಎಲ್ಲೂ ಬಿಗಿಯದೆ. ಆಮೇಲೆ ನಿಜವಾದ ಬ್ಯಾಟನ್ನು ನೇತುಹಾಕಿ, ನಡುಕ ಅಳೆಯುವ ಅಕ್ಸೆಲೆರೋಮೀಟರ್ ಅಂಟಿಸಿ, ಸಣ್ಣ ಸುತ್ತಿಗೆಯಿಂದ ತಟ್ಟಿ ಹೋಲಿಸಿ. ಸಾಫ್ಟ್‌ವೇರ್ ಮೊದಲ ಆರು ಫ್ರೀಕ್ವೆನ್ಸಿಗಳನ್ನು ಸೊನ್ನೆಯ ಹತ್ತಿರ ತೋರಿಸಿದರೆ ಗಾಬರಿಯಾಗಬೇಡಿ. ಅದು ಬ್ಯಾಟ್ ಬಾಗದೆ ಇಡಿಯಾಗಿ ಸರಿಯುವ, ತಿರುಗುವ ಚಲನೆ. ಏಳನೆಯದರಿಂದ ನೋಡಲು ಶುರುಮಾಡಿ.